ಈ ಹಾಡು ಯಾರದು?

ನ್ಯಾಮತಿ ಕಡೆಯ ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆಯಿತ್ತು. ಹಳೆಯ ಕೊಳಗ, ಸೇರು, ಕಾಲು ಮುರಿದ ತೊಟ್ಟಿಲು, ಅಡಿಕೆ ಹಾಳೆಯ ಕಟ್ಟು, ಇವುಗಳ ಹಿಂದೆ ಗೋಡೆಗೆ ಒತ್ತಿಕೊಂಡು ಕೂತಿತ್ತು. ಮನೆ ಪಾಲಾದ ವರ್ಷ ಅದನ್ನು ಕೆಳಗಿಳಿಸಿದೆವು. ಒಳಗೆ ಕಂದು ಕಾಗದದ ಚೀಲಗಳಲ್ಲಿ ಹದಿನಾಲ್ಕು ಗ್ರಾಮಫೋನ್ ಪ್ಲೇಟುಗಳು. ಗ್ರಾಮಫೋನು ಯಾವತ್ತೋ ಗುಜರಿಗೆ ಹೋಗಿತ್ತು, ಪ್ಲೇಟುಗಳು ಉಳಿದಿದ್ದವು. ಎರಡು ಸೀಳು ಬಿಟ್ಟಿದ್ದವು. ಒಂದರ ಲೇಬಲ್ಲನ್ನು ಹುಳು ತಿಂದಿತ್ತು. ಉಳಿದದ್ದು ಕಹಳೆಯ ಮುಂದೆ ಕೂತ ನಾಯಿಯ ಅರ್ಧ ಚಿತ್ರ, 'ರಾಗ' ಎಂಬ ಪದ, ಅದರ ಮುಂದೆ 'ಭೈ' ಎಂಬ ಒಂದೇ ಅಕ್ಷರ.

ಹಾಡಿದವರು ಯಾರು? ಹಾಡು ಕಟ್ಟಿದವರು ಯಾರು? ರಾಗ ಭೈರವಿಯೋ, ಭೈರವವೋ? ಹಳೆಯ ಸಂಗೀತದ ಹುಚ್ಚು ಹಿಡಿದವರನ್ನೆಲ್ಲ ಕಾಡುವುದು ಇದೇ ಮೂರು ಪ್ರಶ್ನೆ. ಆ ಒಂದು 'ಭೈ' ಹಿಡಿದುಕೊಂಡು ನಾನು ಹೊನ್ನಾಳಿ, ಚನ್ನಗಿರಿ, ಜಗಳೂರು ತಿರುಗಿದೆ. ಇವು ಮೈಸೂರು, ಧಾರವಾಡದಂತೆ ಸಂಗೀತದಿಂದ ಹೆಸರಾದ ಊರುಗಳಲ್ಲ. ಅಡಿಕೆ, ಭತ್ತ, ಮೆಕ್ಕೆಜೋಳದ ಊರುಗಳು. ಆದರೂ ಪ್ರತಿ ಊರಲ್ಲೂ ಇಂಥದೇ ಪ್ರಶ್ನೆ ಇಟ್ಟುಕೊಂಡು ಕೂತ ಒಬ್ಬರಾದರೂ ಸಿಕ್ಕರು. ನನಗೆ ಬೇಕಾದ ಉತ್ತರದ ತುಂಡುಗಳೂ ಅವರ ಹತ್ತಿರವೇ ಇದ್ದವು.

ಹೊಳೆಯ ಎರಡು ದಂಡೆ

ಕೂಡ್ಲಿಯಲ್ಲಿ ತುಂಗೆ, ಭದ್ರೆ ಒಂದಾಗಿ ಹೊನ್ನಾಳಿಯ ಮಗ್ಗುಲಲ್ಲಿ ಹಾದು ಹರಿಹರದ ಕಡೆ ಹರಿಯುತ್ತವೆ. ಸಂಗೀತದ ಮಾತು ಬಂದಾಗ ಈ ತುಂಗಭದ್ರೆಯನ್ನೇ ಗಡಿ ಎನ್ನುವ ರೂಢಿಯಿದೆ. ಆಚೆ ಹಿಂದೂಸ್ತಾನಿ, ಈಚೆ ಕರ್ನಾಟಕ ಸಂಗೀತ. 1956ಕ್ಕೆ ಮುಂಚೆ ರಾಜ್ಯದ ಗಡಿಯೂ ಇಲ್ಲೇ ಹತ್ತಿರದಲ್ಲಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಪಕ್ಕದ ರಾಣೆಬೆನ್ನೂರು, ಹಿರೇಕೆರೂರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ, ಜಗಳೂರು ಒಂದೇ ಜಿಲ್ಲೆಗೆ ಬಂದವು. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾದದ್ದು ಈಚೆಗೆ.

ಗಡಿಯ ಮೇಲಿನ ಜನ ಎರಡೂ ಕಡೆಯ ಸರಕು ಕೊಳ್ಳುತ್ತಾರೆ. ಸಂಗೀತಕ್ಕೂ ಅದೇ ಮಾತು. ನಮ್ಮ ಪೆಟ್ಟಿಗೆಯಲ್ಲಿ ಮೈಸೂರು ಕಡೆಯ ದೇವರನಾಮವೂ ಇತ್ತು, ಹುಬ್ಬಳ್ಳಿ ಕಡೆಯ ಖಯಾಲೂ ಇತ್ತು. ತೊಡಕು ಶುರುವಾಗುವುದೂ ಇಲ್ಲಿಯೇ. ಒಂದೇ ರಾಗಕ್ಕೆ ಎರಡು ದಂಡೆಯಲ್ಲಿ ಎರಡು ಹೆಸರು, ಒಂದೇ ಹೆಸರಿಗೆ ಎರಡು ರಾಗ. ಈಚೆಯ ಮೋಹನ ಆಚೆ ಭೂಪ್. ಈಚೆಯ ಹಿಂದೋಳದ ಸ್ವರಗಳು ಆಚೆ ಮಾಲಕಂಸ್ ಆಗುತ್ತವೆ. ಆಚೆಯ ಹಿಂಡೋಲ್ ಎಂದರೆ ತೀವ್ರ ಮಧ್ಯಮದ ಬೇರೆಯೇ ರಾಗ. ಈಚೆಯ ಭೈರವಿ ನಠಭೈರವಿಯ ಜನ್ಯ, ಎರಡು ಧೈವತ ಬಳಸುವ ಗಂಭೀರ ರಾಗ. ಆಚೆಯ ಭೈರವಿಯ ಸ್ವರಗಳು ನಮ್ಮ ತೋಡಿಗೆ ಹತ್ತಿರ. ಆಚೆಯ ಭೈರವ್‌ನ ಸ್ವರಗಳೋ, ಸಂಗೀತ ಕಲಿಯುವ ಮಗುವಿಗೆ ಮೊದಲ ದಿನ ಹೇಳಿಕೊಡುವ ಮಾಯಾಮಾಳವಗೌಳದವು. ಹೀಗಾಗಿ 'ಭೈ' ಎಂಬ ಒಂದು ಅಕ್ಷರದ ಹಿಂದೆ ಕನಿಷ್ಠ ಮೂರು ರಾಗಗಳಿದ್ದವು.

ಈ ಗಡಿ ಕಲಾವಿದರನ್ನು ತಡೆದದ್ದೂ ಇಲ್ಲ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಮೈಸೂರು ಅರಮನೆಗೆ ಬಂದುಹೋಗುತ್ತಿದ್ದರು. ಇಲ್ಲಿಯ ವಿದ್ವಾಂಸರ ಹಾಡಿಕೆ ಕೇಳಿ, ಸರಿಗಮ ಹಾಡುವ ಕ್ರಮವನ್ನು ಮೆಚ್ಚಿ ತಮ್ಮದಾಗಿಸಿಕೊಂಡರು. ತ್ಯಾಗರಾಜರ ಕೃತಿಯನ್ನು ಪ್ಲೇಟಿಗೂ ಹಾಡಿದರು. ಲೇಬಲ್ ನೋಡದೆ ಕೇಳಿದವರು ಗೊಂದಲಕ್ಕೆ ಬೀಳುತ್ತಾರೆ: ಧ್ವನಿ ಉತ್ತರದ್ದು, ಸಾಹಿತ್ಯ ಕಾವೇರಿ ತೀರದ್ದು.

ನಮ್ಮ ಪ್ಲೇಟನ್ನು ಶಿವಮೊಗ್ಗದ ಗೆಳೆಯರೊಬ್ಬರ ಮನೆಯಲ್ಲಿ ಹಾಕಿ ಕೇಳಿದೆವು. ಮೊದಲು ಒಗ್ಗರಣೆ ಸಿಡಿದಂಥ ಸದ್ದು. ಅದರ ಒಳಗಿಂದ ಹಾರ್ಮೋನಿಯಂ, ತಬಲ, ಆಮೇಲೆ ಗಂಡು ಧ್ವನಿ. ರಿ, ಗ, ಧ, ನಿ ನಾಲ್ಕೂ ಕೋಮಲ. ಅಲ್ಲಿಗೆ ರಾಗ ಹಿಂದೂಸ್ತಾನಿ ಭೈರವಿ ಎಂಬುದು ಗೊತ್ತಾಯಿತು. ಮೂರು ಪ್ರಶ್ನೆಯಲ್ಲಿ ಒಂದು ತೀರಿತು.

ಜಗಳೂರಿನ ಹಾರ್ಮೋನಿಯಂ

ಎರಡನೆಯ ಪ್ರಶ್ನೆಗೆ ದಾರಿ ತೋರಿಸಿದವರು ಜಗಳೂರಿನ ಒಬ್ಬ ಹಿರಿಯ ಹಾರ್ಮೋನಿಯಂ ಮಾಸ್ತರರು. ಬಯಲಾಟಕ್ಕೂ ಸಾಮಾಜಿಕ ನಾಟಕಕ್ಕೂ ಪೆಟ್ಟಿಗೆ ನುಡಿಸಿ ಬೆರಳು ಸವೆಸಿದವರು. ಮೊಬೈಲಿನಲ್ಲಿ ಹಾಡು ಹಾಕಿದೆ. ಅವರು ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳಿದರು. ಆಮೇಲೆ ಪೆಟ್ಟಿಗೆ ಎಳೆದುಕೊಂಡು, ತಿದಿ ಒತ್ತಿ, ಅದೇ ಸಾಲನ್ನು ನುಡಿಸಿಯೇಬಿಟ್ಟರು.

"ಇದು ಕಂಪನಿ ನಾಟಕದ ಮಟ್ಟು ಸಾರ್. ರಾಜ ರಾಜ್ಯ ಕಳಕೊಂಡು ಕಾಡಿಗೆ ಹೋಗೋ ಸೀನಿಗೆ ಹಾಕ್ತಿದ್ವಿ. ಮಾತು ನಾಟಕಕ್ಕೊಂದು. ಮಟ್ಟು ಇದೇ."

ಈ 'ಮಟ್ಟು' ಎಂಬ ಮಾತನ್ನು ತಿಳಿಯದೆ ಹಳೆಯ ಕನ್ನಡ ಪ್ಲೇಟುಗಳ ಗುಟ್ಟು ತಿಳಿಯುವುದಿಲ್ಲ. ಆ ಕಾಲದ ನಾಟಕದ ಹಾಡಿನ ಪುಸ್ತಕ ತೆರೆದರೆ ಹಾಡಿನ ತಲೆಯ ಮೇಲೆ ರಾಗ, ತಾಳದ ಜತೆ ಮಟ್ಟು ಅಥವಾ ಧಾಟಿ ಎಂದು ಇನ್ನೊಂದು ಹಾಡಿನ ಹೆಸರು ಅಚ್ಚಾಗಿರುತ್ತದೆ. ಆ ಇನ್ನೊಂದು ಹಾಡು ಮರಾಠಿ ರಂಗಗೀತೆಯಾಗಿರಬಹುದು, ಪಾರ್ಸಿ ನಾಟಕದ್ದಾಗಿರಬಹುದು, ದೇವರನಾಮವೂ ಆಗಿರಬಹುದು. ಕವಿ ಮಾತು ಬರೆಯುತ್ತಿದ್ದ, ಧಾಟಿ ಊರೂರು ತಿರುಗಿ ಬಂದದ್ದಾಗಿರುತ್ತಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ದಾವಣಗೆರೆಯ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ತಂಡಗಳು ಕ್ಯಾಂಪು ಹಾಕಿದ ಕಡೆಯೆಲ್ಲ ಈ ಮಟ್ಟುಗಳನ್ನು ಬಿತ್ತಿ ಹೋದವು. ನಾಟಕ ನೋಡಿದವರು ಊರಿಗೆ ಮರಳಿ ಭಜನೆಗೆ ಅದೇ ಮಟ್ಟು ಹಾಕಿದರು. ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿಯ ಪದಗಳೂ ಶರೀಫರ ತತ್ವಪದಗಳೂ ಊರಿಗೊಂದು ಧಾಟಿಯಲ್ಲಿ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ "ಈ ಹಾಡು ಯಾರದು" ಎಂದು ಕೇಳುವಾಗ ಮೂರು ಜನರನ್ನು ಬೇರೆಬೇರೆಯಾಗಿ ಹುಡುಕಬೇಕು: ಮಾತು ಬರೆದವರು, ಮಟ್ಟು ಕೂಡಿಸಿದವರು, ಪ್ಲೇಟಿಗೆ ಹಾಡಿದವರು. ಲೇಬಲ್ ಸಾಮಾನ್ಯವಾಗಿ ಮೂರನೆಯವರ ಹೆಸರು ಮಾತ್ರ ಹೇಳುತ್ತದೆ.

ಹೆಳವನಕಟ್ಟೆಯ ಸಹಿ

ಮಾತು ಬರೆದವರನ್ನು ಹುಡುಕಲು ನಮ್ಮವರೇ ಮಾಡಿಟ್ಟ ಒಳ್ಳೆಯ ಉಪಾಯವೊಂದಿದೆ, ಅದು ಅಂಕಿತ. ಪುರಂದರ ವಿಠಲ ಎಂದರೆ ಪುರಂದರದಾಸರು, ಕಾಗಿನೆಲೆ ಆದಿಕೇಶವ ಎಂದರೆ ಕನಕದಾಸರು, ಹಯವದನ ಎಂದರೆ ವಾದಿರಾಜರು, ರಂಗವಿಠಲ ಎಂದರೆ ಶ್ರೀಪಾದರಾಜರು, ವಿಜಯವಿಠಲ ಎಂದರೆ ವಿಜಯದಾಸರು. ಗುರುಗುಹ ಎಂದರೆ ಮುತ್ತುಸ್ವಾಮಿ ದೀಕ್ಷಿತರು. ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ಹೊನ್ನಾಳಿ, ನ್ಯಾಮತಿಗೆ ನೆರೆಯಾದ ಶಿಕಾರಿಪುರ ತಾಲ್ಲೂಕಿನವು.

ಆದರೂ ತಪ್ಪುತ್ತೇವೆ. ದಾಸರ ಪದ ಎಂದ ಕೂಡಲೇ ಪುರಂದರದಾಸರ ಲೆಕ್ಕಕ್ಕೆ ಬರೆದುಬಿಡುವುದು ನಮ್ಮ ಚಾಳಿ. 'ಕೃಷ್ಣಾ ನೀ ಬೇಗನೆ' ವ್ಯಾಸರಾಯರದು. ಕೇಳಿದರೆ ಹತ್ತು ಜನರಲ್ಲಿ ಹಲವರು ಪುರಂದರದಾಸರ ಹೆಸರು ಹೇಳುತ್ತಾರೆ. ತೆಲುಗು ಕೃತಿ ಎಂದ ಕೂಡಲೇ ತ್ಯಾಗರಾಜರು. ಖಮಾಚ್ ರಾಗದ 'ಬ್ರೋಚೇವಾರೆವರುರಾ' ಮೈಸೂರು ವಾಸುದೇವಾಚಾರ್ಯರದು. 1865ರಿಂದ 1961ರವರೆಗೆ ಬಾಳಿದ, ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದ ಕನ್ನಡಿಗರ ಕೃತಿಯನ್ನು ಎಷ್ಟೋ ಕನ್ನಡಿಗರೇ ತ್ಯಾಗರಾಜರದೆಂದು ತಿಳಿದಿದ್ದಾರೆ. ಚರಣದಲ್ಲಿ 'ವಾಸುದೇವ' ಎಂಬ ಅಂಕಿತ ಎದ್ದು ಕಾಣುತ್ತದೆ, ನಾವು ಅಲ್ಲಿಯವರೆಗೆ ಕಿವಿಗೊಡುವುದಿಲ್ಲ, ಅಷ್ಟೆ.

ಈ ತಪ್ಪನ್ನು ನಾನೂ ಮಾಡಿದ್ದೆ, ಅದೂ ಮನೆಯೊಳಗೆ. ನಮ್ಮ ಅಜ್ಜಿ ಸಂಜೆ ದೀಪ ಹಚ್ಚಿ ಹಾಡುತ್ತಿದ್ದ ಪದವೊಂದಿತ್ತು. "ಯಾರದಜ್ಜಿ ಈ ಹಾಡು?" ಎಂದರೆ, "ಯಾರದಾದ್ರೇನು ತಮ್ಮಾ, ದಾಸರ ಹಾಡು" ಎನ್ನುತ್ತಿದ್ದಳು. ದಾಸರು ಎಂದರೆ ಪುರಂದರದಾಸರು ಎಂದುಕೊಂಡು ಬೆಳೆದೆ. ಪೆಟ್ಟಿಗೆಯ ಹುಡುಕಾಟ ಶುರುವಾದ ಮೇಲೆ ಒಂದು ಸಂಜೆ ಆ ಪದವನ್ನು ಅತ್ತೆಯ ಬಾಯಲ್ಲಿ ಪೂರ್ತಿ ಹಾಡಿಸಿ ಬರೆದುಕೊಂಡೆ. ಕೊನೆಯ ನುಡಿಯಲ್ಲಿದ್ದದ್ದು ಹೆಳವನಕಟ್ಟೆಯ ರಂಗ.

ಹೆಳವನಕಟ್ಟೆ ಎಲ್ಲೋ ದೂರದ ಕ್ಷೇತ್ರವಲ್ಲ. ಮಲೇಬೆನ್ನೂರಿನ ಪಕ್ಕದ ಕೊಮಾರನಹಳ್ಳಿಯ ರಂಗನಾಥನ ಸ್ಥಳ. ಹೊನ್ನಾಳಿಯಿಂದ ಹರಿಹರದ ಕಡೆ ಹೋಗುವವರು ಹಾದುಹೋಗುವ ಸೀಮೆ. ಆ ರಂಗನನ್ನೇ ಅಂಕಿತವಾಗಿಟ್ಟುಕೊಂಡು ಹಾಡಿದವರು ಹೆಳವನಕಟ್ಟೆ ಗಿರಿಯಮ್ಮ. ಹದಿನೆಂಟನೆಯ ಶತಮಾನದವರು. ರಾಣೆಬೆನ್ನೂರಿನಲ್ಲಿ ಹುಟ್ಟಿ, ಮಲೇಬೆನ್ನೂರಿಗೆ ಸೊಸೆಯಾಗಿ ಬಂದು, ಸಂಸಾರದ ನಡುವೆಯೇ ಹರಿದಾಸಿಯಾದವರು. ದಾಸ ಸಾಹಿತ್ಯದಲ್ಲಿ ಹೆಣ್ಣಿನ ದನಿಯಾಗಿ ಅವರ ಹೆಸರೇ ಮೊದಲು ನೆನಪಾಗುವುದು. ಬಿಡಿ ಪದಗಳ ಜತೆಗೆ 'ಚಂದ್ರಹಾಸನ ಕಥೆ', 'ಸೀತಾಕಲ್ಯಾಣ', 'ಉದ್ದಾಲಿಕನ ಕಥೆ'ಯಂಥ ದೊಡ್ಡ ಹಾಡುಗಬ್ಬಗಳನ್ನು ಕಟ್ಟಿದರು. ಗೋಪಾಲದಾಸರು ಅವರನ್ನು ಕಂಡು ಹರಸಿದ ಕಥೆಯನ್ನು ಪರಂಪರೆ ಹೇಳುತ್ತದೆ. ತುಂಗಭದ್ರೆಯಲ್ಲೇ ಅವರು ದೇಹ ಬಿಟ್ಟರೆಂದೂ ಹೇಳುತ್ತದೆ.

ಗಿರಿಯಮ್ಮನ ಪದಗಳನ್ನು ಇನ್ನೂರು ಮುನ್ನೂರು ವರ್ಷ ಕಾಪಾಡಿದ್ದು ಹೆಣ್ಣುಮಕ್ಕಳ ಬಾಯಿ. ಹಸೆಗೆ ಕರೆಯುವಾಗ, ಆರತಿ ಎತ್ತುವಾಗ, ಮಗುವನ್ನು ತೂಗುವಾಗ ಹಾಡಿ ಉಳಿಸಿದರು. ಹಾಗೆ ಹಾಡುತ್ತಲೇ ಕೊನೆಯ ನುಡಿ ಬಿಟ್ಟುಹೋದರೆ ಕಟ್ಟಿದವಳ ಹೆಸರೂ ಬಿಟ್ಟುಹೋಗುತ್ತದೆ. ಸಮಯ ಸಾಲದೆಂದು ಗಾಯಕರು ಮೊಟಕು ಮಾಡುವುದು ಕೊನೆಯ ನುಡಿಯನ್ನೇ. ಮೂರು ನಿಮಿಷದ ಪ್ಲೇಟು ಕತ್ತರಿಸಿದ್ದೂ ಅದನ್ನೇ. ಸಹಿಯಿರುವ ತುದಿಯನ್ನು ಹರಿದು ಕಾಗದ ಇಟ್ಟುಕೊಂಡಂತೆ ಇದು.

ಇನ್ನು ಕಥೆಗಳ ಮಾತು. ಪುರಂದರದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಪದ ರಚಿಸಿದರು ಎನ್ನುತ್ತಾರೆ, ನಮ್ಮ ಕೈಗೆ ಸಿಕ್ಕಿರುವುದು ಸಾವಿರದ ಲೆಕ್ಕದಲ್ಲಿ. ಅವರು ಹುಟ್ಟಿದ್ದು ಪುಣೆ ಬಳಿಯ ಪುರಂದರಗಡ ಎಂಬುದು ಒಂದು ನಂಬಿಕೆ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಬಳಿಯ ಕ್ಷೇಮಪುರ ಎಂಬುದು ಇನ್ನೊಂದು ವಾದ. ಕರ್ನಾಟಕ ಸರ್ಕಾರ ಇದಕ್ಕಾಗಿ ತಜ್ಞರ ಸಮಿತಿಯನ್ನೇ ನೇಮಿಸಿತು, ಸಮಿತಿ ಮಲೆನಾಡಿನ ಪರವಾಗಿ ಹೇಳಿತು. ಐತಿಹ್ಯ ಸುಳ್ಳೆಂದು ಎಸೆಯಬೇಕಿಲ್ಲ. ಜನ ಒಬ್ಬರನ್ನು ಎಷ್ಟು ಪ್ರೀತಿಸಿದರು ಎಂಬುದಕ್ಕೆ ಅದು ದಾಖಲೆ. ಯಾರು ಬರೆದರು ಎಂಬುದಕ್ಕೆ ಮಾತ್ರ ಅಂಕಿತ, ಓಲೆಗರಿ, ಹಳೆಯ ಅಚ್ಚು ಪುಸ್ತಕ ಇವನ್ನೇ ಕೇಳಬೇಕು.

ಪ್ಲೇಟು ಕಟ್ಟಿಹಾಕಿದ ಧಾಟಿ

ದಾಸರ ಪದಗಳ ಮಾತು ಉಳಿಯಿತು, ಮೂಲ ಧಾಟಿ ಬಹುಪಾಲು ಉಳಿಯಲಿಲ್ಲ. ಒಂದೇ ಪದವನ್ನು ಒಂದು ಮನೆಯಲ್ಲಿ ಮಧ್ಯಮಾವತಿಯಲ್ಲಿ, ಇನ್ನೊಂದು ಮನೆಯಲ್ಲಿ ಬೇರೆ ವರಸೆಯಲ್ಲಿ ಹಾಡುತ್ತಿದ್ದರು. ಪ್ಲೇಟು ಬಂದ ಮೇಲೆ ಈ ಓಡಾಟ ನಿಂತಿತು. ಬಿ.ಎಸ್. ರಾಜಯ್ಯಂಗಾರರು ಹಾಡಿದ 'ಜಗದೋದ್ಧಾರನ' ಪ್ಲೇಟು ಮನೆಮನೆಗೂ ಹೋಯಿತು. ಕಾಪಿ ರಾಗದ ಆ ಧಾಟಿ ಎಷ್ಟು ಬಲವಾಗಿ ಕೂತಿತೆಂದರೆ ಇವತ್ತು ಬೇರೆ ರಾಗದಲ್ಲಿ ಹಾಡಿದರೆ ಕೇಳುಗರಿಗೆ ತಪ್ಪೆನಿಸುತ್ತದೆ. ಭೀಮಸೇನ ಜೋಶಿಯವರ ದಾಸವಾಣಿಗೂ ಇದೇ ಮಾತು. ಅವರ ಧಾಟಿಯೇ ಮೂಲ ಎಂದು ವಾದ ಮಾಡುವವರು ನನಗೆ ಸಿಕ್ಕಿದ್ದಾರೆ.

ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಒಂದು ಗಂಟೆ ರಾಗ ಬೆಳೆಸಬಲ್ಲ ವಿದ್ವಾಂಸರು ಆ ಮೂರು ನಿಮಿಷದೊಳಗೆ ಆಲಾಪನೆ, ಸಾಹಿತ್ಯ, ಸ್ವರ ಎಲ್ಲವನ್ನೂ ತುರುಕಬೇಕಿತ್ತು. ಹಾಗಾಗಿ ಹಳೆಯ ಪ್ಲೇಟು ಕೇಳಿ "ಆಗಿನ ಕಾಲದಲ್ಲಿ ಇಷ್ಟೇ ಚುಟುಕಾಗಿ, ಇಷ್ಟು ಅವಸರದಲ್ಲಿ ಹಾಡುತ್ತಿದ್ದರು" ಎಂದು ತೀರ್ಮಾನಿಸಿದರೆ ಅವರಿಗೆ ಅನ್ಯಾಯವಾದೀತು. ಪ್ಲೇಟು ಅವರ ಸಂಗೀತಕ್ಕೆ ತೆರೆದ ಕಿಂಡಿ. ಕಿಂಡಿಯಷ್ಟೇ ಮನೆ ಎನ್ನಬಾರದು.

ಆದರೆ ಆ ಕಿಂಡಿಗೂ ಬಲವಿತ್ತು. ಗದಗಿನ ಅಂಗಡಿಯೊಂದರಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಪ್ಲೇಟನ್ನು ಬಾಲಕ ಭೀಮಸೇನ ಕೇಳಿದ. ಹಾಗೆ ಹಾಡಬೇಕೆಂಬ ಹಟಕ್ಕೆ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟ. ಮೂರು ನಿಮಿಷ ತಿರುಗಿದ ಅರಗಿನ ತಟ್ಟೆ ಒಂದು ಜೀವನದ ದಾರಿಯನ್ನೇ ತಿರುಗಿಸಿತು.

ಗಾಂಧಾರಿ ಯಾರು?

ಹಾಡಿದವರ ಹೆಸರು ಲೇಬಲ್ಲಿನ ಮೇಲಿದ್ದರೂ ಉತ್ತರ ಸಿಕ್ಕಂತಲ್ಲ. 1930ರ ದಶಕದ ಕೆಲವು ಎಚ್‌ಎಂವಿ ಪ್ಲೇಟುಗಳ ಮೇಲೆ ಗಾಂಧಾರಿ ಎಂಬ ಹೆಸರಿದೆ. ಕೇಳಿದರೆ ತೆಳುವಾದ, ಎತ್ತರದ ಶ್ರುತಿಯ ಹೆಣ್ಣು ದನಿ. ಅವರು ಬೇರಾರೂ ಅಲ್ಲ, ಗಂಗೂಬಾಯಿ ಹಾನಗಲ್. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ಧ್ವನಿ ನಾವೆಲ್ಲ ಬಲ್ಲ ಆ ಗಡುಸು, ಆಳದ ಧ್ವನಿಯಾಯಿತು. ಪ್ಲೇಟನ್ನೂ ನಂತರದ ಕಛೇರಿಯನ್ನೂ ಒಟ್ಟಿಗೆ ಕೇಳಿದವರು ಇಬ್ಬರು ಬೇರೆಬೇರೆ ಎಂದೇ ಹೇಳುತ್ತಾರೆ.

ಇನ್ನೂ ಹಳೆಯ ಪ್ಲೇಟುಗಳಲ್ಲಿ ಕಲಾವಿದರೇ ಉತ್ತರ ಹೇಳಿಹೋಗಿದ್ದಾರೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡು ಮುಗಿಯುತ್ತಿದ್ದಂತೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿದರು. ಆಗ ಮುದ್ರಣವಾದದ್ದನ್ನು ಜರ್ಮನಿಯ ಹ್ಯಾನೋವರ್‌ಗೆ ಕಳಿಸಿ ಪ್ಲೇಟು ಅಚ್ಚು ಹಾಕಿಸಬೇಕಿತ್ತು. ನಮ್ಮ ಭಾಷೆ ತಿಳಿಯದ ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ಗೊತ್ತಾಗಲಿ ಎಂದು ಈ ಏರ್ಪಾಡು. 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ಬಂತು. ಅದೇ ಗೌಹರ್ ಜಾನ್ ಕೊನೆಗಾಲಕ್ಕೆ ಮೈಸೂರಿಗೆ ಬಂದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಆಶ್ರಯ ಪಡೆದು, 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಬೆಂಗಳೂರಿನ ವಿಕ್ರಂ ಸಂಪತ್ ಗೌಹರ್ ಜಾನ್ ಅವರ ಜೀವನವನ್ನು ಬರೆದರು, ಹಳೆಯ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ತರುವ ಸಂಗ್ರಹವನ್ನೂ ಕಟ್ಟಿದರು.

ಲೇಬಲ್ ಹೋದರೂ ಪ್ಲೇಟಿನ ಗುರುತು ಪೂರ್ತಿ ಹೋಗುವುದಿಲ್ಲ. ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವೆ ನುಣುಪಾದ ಒಂದು ಸುತ್ತು ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಕೊರೆದ ಅಕ್ಷರ, ಅಂಕಿ ಕಾಣುತ್ತವೆ. ಅದು ಆ ಮುದ್ರಣದ ಅಚ್ಚಿನ ಸಂಖ್ಯೆ. ಲೇಬಲ್ಲಿನ ಮೇಲಿರುವುದು ಮಾರಾಟದ ಸಂಖ್ಯೆ. ಎಚ್‌ಎಂವಿಯ ಬಹಳಷ್ಟು ಪ್ಲೇಟುಗಳಿಗೆ 'ಎನ್' ಅಕ್ಷರದ, ಕೊಲಂಬಿಯಾಕ್ಕೆ 'ಜಿಇ' ಅಕ್ಷರಗಳ ಸಂಖ್ಯೆ. ಇವನ್ನು ಕಂಪನಿಯ ಹಳೆಯ ಪಟ್ಟಿಗಳ ಜತೆ ತಾಳೆ ನೋಡಿದರೆ ಗಾಯಕರು, ವರ್ಷ ಎರಡೂ ಸಿಗುವ ದಾರಿಯುಂಟು. ಮೈಕೆಲ್ ಕಿನ್ನಿಯರ್ ಇಂಥ ಸಂಖ್ಯೆಗಳನ್ನು ವರ್ಷಗಟ್ಟಲೆ ಕೂಡಿಸಿ 1899ರಿಂದ 1908ರವರೆಗಿನ ಭಾರತೀಯ ಮುದ್ರಣಗಳ ಪುಸ್ತಕವನ್ನೇ ಮಾಡಿದರು. ಮುಂಬೈಯಲ್ಲಿ ಪ್ಲೇಟು ಸಂಗ್ರಹಕಾರರ ಸಂಘವೊಂದು ಮೂರು ದಶಕಗಳಿಂದ ಇದೇ ಕೆಲಸದಲ್ಲಿದೆ.

ವೇಗವನ್ನೂ ನೋಡಬೇಕು. ನಿಮಿಷಕ್ಕೆ 78 ಸುತ್ತು ಎನ್ನುವುದು ಆಮೇಲೆ ನಿಂತ ಲೆಕ್ಕ. ತೀರಾ ಹಳೆಯವು ಅದಕ್ಕಿಂತ ಹೆಚ್ಚಿನ ಇಲ್ಲವೇ ಕಡಿಮೆ ವೇಗದಲ್ಲಿ ಮುದ್ರಣಗೊಂಡಿವೆ. ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ, ದಪ್ಪ ದನಿ ಎಳೆಯ ದನಿಯಾಗುತ್ತದೆ. ಹಾಡಿದವರನ್ನು ದನಿಯಿಂದಲೇ ಗುರುತಿಸುವೆ ಎನ್ನುವವರು ಮೊದಲು ವೇಗ ಸರಿಪಡಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದ ಮಹಾರಾಜರು

ಒಬ್ಬ ಕೇಳುಗನ ಆಸಕ್ತಿ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ನಮ್ಮ ನಾಡಿನದೇ ದೊಡ್ಡ ಉದಾಹರಣೆಯಿದೆ. ಈ ನಾಲ್ಕೂ ಊರುಗಳು ಮೈಸೂರು ಸಂಸ್ಥಾನದಲ್ಲಿದ್ದಾಗ ಕೊನೆಯ ಮಹಾರಾಜರಾಗಿದ್ದವರು ಜಯಚಾಮರಾಜೇಂದ್ರ ಒಡೆಯರ್. 'ಶ್ರೀವಿದ್ಯಾ' ಮುದ್ರೆಯಲ್ಲಿ 94 ಕೃತಿ ರಚಿಸಿದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದ ಪ್ಲೇಟುಗಳನ್ನು ಸಾವಿರಗಟ್ಟಲೆ ಕೂಡಿಟ್ಟಿದ್ದರು. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತ ರಚನಕಾರರ ಕೃತಿಗಳೆಂದರೆ ಅವರಿಗೆ ಬಹಳ ಇಷ್ಟ, ಅದರ ಪ್ಲೇಟುಗಳೇ ಸಾಕಷ್ಟು ಸಿಗುತ್ತಿರಲಿಲ್ಲ. ಮೆಟ್ನರ್ ಆಗ ಲಂಡನ್ನಿನಲ್ಲಿ ವಯಸ್ಸಾಗಿ, ಕಾಯಿಲೆಬಿದ್ದು, ಲೋಕ ಮರೆತ ಸ್ಥಿತಿಯಲ್ಲಿದ್ದರು. ಮಹಾರಾಜರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಸ್ಥಾಪಿಸಿ, ಮೆಟ್ನರರೇ ಪಿಯಾನೊ ನುಡಿಸಿದ ಅವರ ಕೃತಿಗಳನ್ನು ಎಚ್‌ಎಂವಿಯಿಂದ ಮುದ್ರಣ ಮಾಡಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅವರ ಸ್ವಂತ ಕೈಯ ನುಡಿಸಾಣಿಕೆಯನ್ನು ಜಗತ್ತು ಇಂದು ಕೇಳುತ್ತಿದ್ದರೆ ಅದರ ಹಿಂದೆ ಮೈಸೂರಿನ ಒಬ್ಬ ಕೇಳುಗರಿದ್ದಾರೆ.

ಚನ್ನಗಿರಿಯ ನೋಟುಬುಕ್ಕು

ಅರಮನೆಯ ಹಣವಿಲ್ಲದವರೂ ಇಂಥ ಕೆಲಸ ಮಾಡಬಲ್ಲರು ಎಂದು ನನಗೆ ತೋರಿಸಿಕೊಟ್ಟವರು ಚನ್ನಗಿರಿಯ ನಿವೃತ್ತ ಮೇಷ್ಟ್ರೊಬ್ಬರು. ಆಕಾಶವಾಣಿ ಭದ್ರಾವತಿ ಕೇಂದ್ರ 1965ರಲ್ಲಿ ಶುರುವಾಯಿತು. ಅದರ ದನಿ ಕೇಳಿ ಬೆಳೆದ ತಲೆಮಾರು ಅವರದು. ಧಾರವಾಡ, ಬೆಂಗಳೂರು ಕೇಂದ್ರಗಳನ್ನೂ ಮುಳ್ಳು ತಿರುಗಿಸಿ ಹಿಡಿಯುತ್ತಿದ್ದರು. ಕೇಳಿದ್ದನ್ನೆಲ್ಲ ಬರೆದಿಟ್ಟಿದ್ದಾರೆ. ಗೆರೆ ಎಳೆದ ಶಾಲಾ ನೋಟುಬುಕ್ಕು, ಮಸಿ ಪೆನ್ನು. ತಾರೀಖು, ಕೇಂದ್ರ, ಹಾಡಿದವರು, ರಾಗ, ತಾಳ, ರಚನೆ, ಪಕ್ಕವಾದ್ಯ. ರಾಗ ತಿಳಿಯದಿದ್ದ ಕಡೆ ಜಾಗ ಬಿಟ್ಟಿದ್ದಾರೆ. ಎಷ್ಟೋ ವರ್ಷದ ನಂತರ ಬೇರೆ ಬಣ್ಣದ ಮಸಿಯಲ್ಲಿ ಆ ಜಾಗ ತುಂಬಿದ್ದಾರೆ.

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬಿಡಬೇಕು ಕಣಪ್ಪಾ. ಊಹೆ ಮಾಡಿ ಬರೆದ್ರೆ ಮುಂದಿನವನು ಅದನ್ನೇ ನಿಜ ಅಂತ ಹಿಡಕಂಡು ಹೋಗ್ತಾನೆ" ಎಂದರು. ಈ ಹುಡುಕಾಟದಲ್ಲಿ ನಾನು ಕಲಿತ ದೊಡ್ಡ ಪಾಠ ಇದು. ಇಂದು ಹಳೆಯ ಹಾಡುಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ಜತೆಗೆ ತಪ್ಪು ಹೆಸರು, ತಪ್ಪು ರಾಗ, ತಪ್ಪು ಕರ್ತೃವಿನ ಹೆಸರೂ ಓಡಾಡುತ್ತಿವೆ. ಬಿಟ್ಟ ಜಾಗವನ್ನು ಯಾರಾದರೂ ತುಂಬಿಯಾರು. ತಪ್ಪು ತುಂಬಿದ ಜಾಗವನ್ನು ತಿದ್ದುವುದು ಕಷ್ಟ.

ನಿಮ್ಮ ಅಟ್ಟದಲ್ಲಿ ಇದ್ದರೆ

ಹಳೆಯ ಪ್ಲೇಟು ಸಿಕ್ಕವರು ಕೆಲವು ಮಾತು ನೆನಪಿಡಬೇಕು. 78ರ ಪ್ಲೇಟು ಅರಗು, ಕಲ್ಲಿನ ಪುಡಿ ಬೆರೆಸಿ ಮಾಡಿದ್ದು, ಗಾಜಿನಂತೆ ಒಡೆಯುತ್ತದೆ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಅರಗು ಕರಗಿ ಗೆರೆಯೇ ಅಳಿಸಿಹೋಗುತ್ತದೆ. ಮೆತ್ತನೆ ಬಟ್ಟೆ, ಬೇಕಿದ್ದರೆ ಲೇಬಲ್ ನೆನೆಯದಂತೆ ತಿಳಿಯಾದ ಸೋಪಿನ ನೀರು ಸಾಕು. ಹಳೆಯ ಗ್ರಾಮಫೋನಿಗೆ ಹಾಕಿ ಮತ್ತೆ ಮತ್ತೆ ಕೇಳಬೇಡಿ, ಉಕ್ಕಿನ ಪಿನ್ನು ಪ್ರತಿ ಸಲವೂ ಗೆರೆಯನ್ನು ಸವೆಸುತ್ತದೆ. ಈಗಿನ ಪ್ಲೇಯರಿನಲ್ಲಿ ಹಾಕುವುದಾದರೆ 78ಕ್ಕೆಂದೇ ಬರುವ ಅಗಲ ತುದಿಯ ಪಿನ್ನು ಬೇಕು, ಎಲ್‌ಪಿಯ ಸಣ್ಣ ಪಿನ್ನು ಗೆರೆಯ ತಳದಲ್ಲಿ ಒದ್ದಾಡುತ್ತದೆ. ಒಂದು ಸಲ ಸರಿಯಾಗಿ ಮುದ್ರಿಸಿಕೊಂಡು ಪ್ಲೇಟನ್ನು ಎತ್ತಿಡಿ. ಲೇಬಲ್ಲಿನ, ಕೊರೆದ ಸಂಖ್ಯೆಯ ಫೋಟೊ ತೆಗೆದಿಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 78ರ ಪ್ಲೇಟುಗಳಲ್ಲಿ ಬಹಳಷ್ಟು ಆ ಗಡುವು ದಾಟಿವೆ.

ಪ್ಲೇಟು ಕಾಯಬಲ್ಲದು, ಇನ್ನೂ ಐವತ್ತು ವರ್ಷ ಅಟ್ಟದಲ್ಲಿ ಕೂತೀತು. ಅದನ್ನು ಗುರುತಿಸಬಲ್ಲ ಜನ ಕಾಯಲಾರರು. ನನ್ನ ಪ್ಲೇಟಿನ ಮಟ್ಟನ್ನು ಅರ್ಧ ನಿಮಿಷದಲ್ಲಿ ಹಿಡಿದ ಜಗಳೂರಿನ ಮಾಸ್ತರರಿಗೆ ಎಂಬತ್ತು ದಾಟಿದೆ. ಕೊನೆಯ ನುಡಿಯವರೆಗೂ ಪದ ಬಲ್ಲವರು ನಮ್ಮ ಮನೆಯಲ್ಲಿ ಈಗ ಅತ್ತೆ ಒಬ್ಬರೇ.

ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ಈ ಭಾನುವಾರ ಮನೆಯ ಹಿರಿಯರ ಹತ್ತಿರ ಕೂತು ಅವರಿಗೆ ಬರುವ ಒಂದು ಹಾಡನ್ನು ಕೊನೆಯ ನುಡಿಯವರೆಗೆ ಹಾಡಿಸಿ. ಮೊಬೈಲಿನಲ್ಲಿ ಹಿಡಿದಿಡಿ, ಕಾಗದದ ಮೇಲೂ ಬರೆದಿಡಿ. ಯಾರಿಂದ ಕಲಿತರು, ಯಾವ ಊರಲ್ಲಿ ಕಲಿತರು ಎಂದು ಕೇಳಿ ಅದನ್ನೂ ಬರೆಯಿರಿ. ಅಂಕಿತ ಯಾವುದೆಂದು ನೋಡಿ. ಗೊತ್ತಾಗದಿದ್ದರೆ ಆ ಜಾಗ ಖಾಲಿ ಬಿಡಿ.